ಕಂತು ತಪ್ಪಿದರೆ ಜೈಲು ಎಂಬ ನಂಬಿಕೆ

ಸಾಲದ ಕಂತು ಕಟ್ಟಲಾಗದವರನ್ನು ಪೊಲೀಸರು ಬಂದು ಹಿಡಿದೊಯ್ಯುತ್ತಾರೆ ಎಂಬ ನಂಬಿಕೆ ಕರ್ನಾಟಕದ ಹಳ್ಳಿಗಳಲ್ಲೂ ನಗರಗಳಲ್ಲೂ ಇಂದಿಗೂ ಗಟ್ಟಿಯಾಗಿ ಬೇರೂರಿದೆ. ವಸೂಲಿಗಾರರು ಫೋನಿನಲ್ಲಿ ಬಳಸುವ ಆಯುಧಗಳಲ್ಲಿ ಇದರಷ್ಟು ಹರಿತವಾದದ್ದು ಇನ್ನೊಂದಿಲ್ಲ: ‘ಎಫ್‌ಐಆರ್ ಆಗಿದೆ’, ‘ವಾರಂಟ್ ಹೊರಟಿದೆ’, ‘ಸಂಜೆಯೊಳಗೆ ಕಟ್ಟದಿದ್ದರೆ ಠಾಣೆಗೆ ಬರಬೇಕಾಗುತ್ತದೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಯವರು ಓಲೆ ಅಡವಿಟ್ಟೋ, ಹೆಚ್ಚಿನ ಬಡ್ಡಿಗೆ ಇನ್ನೊಂದು ಕೈಸಾಲ ಎತ್ತಿಯೋ ಹಣ ಹೊಂದಿಸುತ್ತಾರೆ. ಕಂತು ತಪ್ಪಿದ್ದೇ ಬಂಧನಕ್ಕೆ ಕಾರಣವಾಗುವ ಕಾನೂನು ಈ ದೇಶದಲ್ಲಿ ಇಲ್ಲ. ಪದವಿ ಪಡೆದು, ತಿಂಗಳ ಸಂಬಳ ಎಣಿಸುವವರೂ ಇದನ್ನು ನಂಬಿ ನಡುಗುತ್ತಾರೆ ಎಂಬುದು ತಾಳ್ಮೆಗೆಡಿಸುವ ಸಂಗತಿ.

ಸಾಲವು ಒಂದು ಕರಾರು. ಕರಾರು ಮುರಿದಾಗ ಹುಟ್ಟುವುದು ಸಿವಿಲ್ ವ್ಯಾಜ್ಯ, ಅಂದರೆ ಹಣ ಬರಬೇಕಾದವರು ನ್ಯಾಯಾಲಯದಲ್ಲಿ ದಾವೆ ಹೂಡಿ ಬಗೆಹರಿಸಿಕೊಳ್ಳಬೇಕಾದ ತಕರಾರು. ವಸೂಲಿಗಾರರು ‘ನಾನೂರಿಪ್ಪತ್ತು ಕೇಸು’ ಎಂದು ಹೆದರಿಸುವ ವಂಚನೆಯ ಅಪರಾಧ ಈಗ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನಲ್ಲಿದ್ದು, ಅದು ಸಾಬೀತಾಗಬೇಕಾದರೆ ಸಾಲ ಪಡೆಯುವ ಕ್ಷಣದಲ್ಲೇ ಮೋಸದ ಉದ್ದೇಶವಿತ್ತು ಎಂಬುದನ್ನು ತೋರಿಸಬೇಕು. ಬರೀ ಕರಾರು ತಪ್ಪಿದ್ದು ವಂಚನೆಯಾಗದು ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಸ್ಪಷ್ಟವಾಗಿ ಹೇಳಿದೆ, ಅದೇ ಮಾತನ್ನು ಆ ಬಳಿಕವೂ ಹಲವು ಸಲ ಪುನರುಚ್ಚರಿಸಿದೆ. ಹತ್ತು ಕಂತು ಕಟ್ಟಿ ಹನ್ನೊಂದನೆಯದಕ್ಕೆ ಕೈಸೋತವರಲ್ಲಿ ಆರಂಭದಿಂದಲೇ ಮೋಸವಿತ್ತೆಂದು ವಾದಿಸುವುದು ಸುಲಭವಲ್ಲ. ಆ ಹತ್ತು ಕಂತುಗಳ ರಸೀದಿಯೇ ಅವರ ಪರವಾಗಿ ನಿಲ್ಲುತ್ತದೆ.

ದಾವೆ ಹೂಡಿ, ಗೆದ್ದು, ಡಿಕ್ರಿ (ಹಣ ಕೊಡಬೇಕೆಂಬ ನ್ಯಾಯಾಲಯದ ತೀರ್ಪು) ಪಡೆದ ಮೇಲೂ ಸಾಲಗಾರ ನೇರವಾಗಿ ಸೆರೆಮನೆಗೆ ಹೋಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಸಿವಿಲ್ ಸೆರೆ ಎಂಬ ಏರ್ಪಾಡು ಇರುವುದು ನಿಜ, ಆದರೆ ಹಣವಿದ್ದೂ ಕೊಡದೆ ಕದ್ದುಮುಚ್ಚುವವರಿಗೆ ಮಾತ್ರ ಅದು ಸಲ್ಲುತ್ತದೆ ಎಂದು 1980ರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ತೀರ್ಪಿತ್ತರು; ಬಡತನವೇ ಅಪರಾಧವಾಗದು ಎಂಬುದು ಅದರ ತಿರುಳು. ಆ ಸೆರೆಯೂ 3 ತಿಂಗಳನ್ನು ಮೀರುವಂತಿಲ್ಲ, ಸೆರೆಯಲ್ಲಿರುವವರ ಊಟದ ಖರ್ಚನ್ನು ಡಿಕ್ರಿ ಪಡೆದವರೇ ಭರಿಸಬೇಕು. ಇವೆಲ್ಲಕ್ಕಿಂತ ಮುಖ್ಯವಾದದ್ದು ಅದೇ ಸಂಹಿತೆಯ 56ನೆಯ ಕಲಂ: ಹಣದ ಡಿಕ್ರಿಯ ಅಮಲ್ಜಾರಿಗಾಗಿ ಮಹಿಳೆಯನ್ನು ಬಂಧಿಸಲು ನ್ಯಾಯಾಲಯಕ್ಕೇ ಅಧಿಕಾರವಿಲ್ಲ. ಮೈಕ್ರೋಫೈನಾನ್ಸ್ ಸಾಲ, ಅಂದರೆ ಗುಂಪು ಕಟ್ಟಿ ಅಡಮಾನವಿಲ್ಲದೆ ಕೊಡುವ ‘ಸಂಘದ ಸಾಲ’, ಬಹುಪಾಲು ಹೆಂಗಸರ ಹೆಸರಿನಲ್ಲೇ ಇರುತ್ತದೆ; ನ್ಯಾಯಾಧೀಶರಿಗೂ ಇಲ್ಲದ ಅಧಿಕಾರ ವಾರದ ಕಂತು ಎತ್ತುವ ಯುವಕನಿಗೆ ಇದೆಯೆಂದು ಅದೇ ಹೆಂಗಸರು ನಂಬಿರುವುದು ಎಂಥ ಅನ್ಯಾಯ! ‘ಪಾತ್ರೆಪಗಡ ಹೊರಗೆ ಹಾಕಿಸುತ್ತೇವೆ’ ಎಂಬ ಇನ್ನೊಂದು ಬೆದರಿಕೆಗೂ ಇದೇ ಗತಿ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಧರ್ಮಾಚಾರದಂತೆ ಹೆಣ್ಣು ಮೈಮೇಲಿಂದ ತೆಗೆಯಬಾರದ ಆಭರಣ, ಕುಶಲಕರ್ಮಿಯ ಉಪಕರಣ, ರೈತನ ಬದುಕಿಗೆ ಬೇಕಾದ ನೇಗಿಲು, ಎತ್ತು, ಬಿತ್ತನೆ ಬೀಜ ಇವನ್ನೆಲ್ಲ 60ನೆಯ ಕಲಂ ಜಪ್ತಿಯಿಂದ ಹೊರಗಿಟ್ಟಿದೆ. ಮನೆ ಅಥವಾ ವಾಹನವನ್ನೇ ಭದ್ರತೆಯಾಗಿ ಕೊಟ್ಟ ಸಾಲಕ್ಕೆ ಬೇರೆ ಕ್ರಮಗಳಿವೆ, ಅವನ್ನು ಇದರೊಡನೆ ಬೆರೆಸಬಾರದು.

ಈ ನಂಬಿಕೆಯಲ್ಲಿ ಸತ್ಯದ ಒಂದು ಎಳೆ ಇರುವುದರಿಂದಲೇ ಅದು ಇಷ್ಟು ಕಾಲ ಬಾಳಿದೆ. ಸಾಲಕ್ಕೆ ಕೊಟ್ಟ ಚೆಕ್ ಖಾತೆಯಲ್ಲಿ ಹಣವಿಲ್ಲದೆ ಹಿಂತಿರುಗಿದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಮಿನಡಿ 2 ವರ್ಷದವರೆಗೆ ಸೆರೆ ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ ವಿಧಿಸಬಹುದು. ಖಾತೆಯಿಂದ ತಾನಾಗಿ ಕಂತು ಕಡಿತವಾಗುವ ವ್ಯವಸ್ಥೆ ಹಣವಿಲ್ಲದೆ ವಿಫಲವಾದಾಗ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೆಯ ಕಲಂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಆದರೆ ಅಲ್ಲಿಗೆ ಹೋಗುವ ದಾರಿ ಉದ್ದವಾದದ್ದು. ಮೊದಲು 30 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು, ಅದು ತಲುಪಿದ ಮೇಲೆ ಹಣ ಕಟ್ಟಲು 15 ದಿನಗಳ ಅವಕಾಶವಿರುತ್ತದೆ, ಆಗಲೂ ಕಟ್ಟದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ದೂರು ಸಲ್ಲಿಸಬೇಕು. ಯಾವ ಹಂತದಲ್ಲಾದರೂ ರಾಜಿಗೆ ಬಾಗಿಲು ತೆರೆದಿರುತ್ತದೆ. ವಾರಂಟ್ ಹೊರಡುವುದು ಸಾಮಾನ್ಯವಾಗಿ ನ್ಯಾಯಾಲಯದ ಸಮನ್ಸ್ ಬಂದರೂ ಹಾಜರಾಗದೆ ಉಳಿದಾಗ. ಆದ್ದರಿಂದ ನಿಜವಾಗಿ ಹೆದರಬೇಕಾದದ್ದು ಆ ಕಾಗದವನ್ನು ಒಡೆದು ನೋಡದೆ ಮೂಲೆಗೆ ಎಸೆಯುವ ಅಭ್ಯಾಸಕ್ಕೆ. ವಾಟ್ಸ್‌ಆ್ಯಪ್‌ನಲ್ಲಿ ಸಿಂಹಮುದ್ರೆಯೊಡನೆ ಬರುವ ‘ಪೊಲೀಸ್ ನೋಟಿಸ್’ ಕಂಡು ಬೆವರುವವರು ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ: ತನಿಖೆಗೆ ಹಾಜರಾಗಲು ಪೊಲೀಸರು ಕೊಡುವ ನೋಟಿಸನ್ನು ವಾಟ್ಸ್‌ಆ್ಯಪ್ ಮೂಲಕ ಜಾರಿ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಆದೇಶಿಸಿದೆ. ‘ಠಾಣೆಯಿಂದ ಎಸ್‌ಐ ಮಾತಾಡುತ್ತಿದ್ದೇನೆ’ ಎಂದು ಸುಳ್ಳು ಹೇಳಿ ಆ ಅಧಿಕಾರ ಚಲಾಯಿಸುವ ವಸೂಲಿಗಾರ ನ್ಯಾಯ ಸಂಹಿತೆಯ 204ನೆಯ ಕಲಮಿನಡಿ ತಾನೇ ಅಪರಾಧಿ. ಅದಕ್ಕೆ ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಸೆರೆ.

ಇತರ ತಪ್ಪು ಕಲ್ಪನೆಗಳು ಇಷ್ಟು ವಿವರಣೆ ಬೇಡುವಂಥವಲ್ಲ. ವಸೂಲಿಗಾರರು ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು ಎಂಬುದು ಸುಳ್ಳು: ರಿಸರ್ವ್ ಬ್ಯಾಂಕಿನ 2022ರ ಆಗಸ್ಟ್ ಸುತ್ತೋಲೆಯಂತೆ ಬೆಳಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ಕರೆ ಸಲ್ಲದು, ಮೈಕ್ರೋಫೈನಾನ್ಸ್ ಸಾಲಕ್ಕೆ ಈ ಮಿತಿ 9ರಿಂದ 6. ಆ್ಯಪ್ ಹಾಕಿಕೊಳ್ಳುವಾಗ ಒಪ್ಪಿಗೆ ಒತ್ತಿದ್ದರಿಂದ ಸಂಪರ್ಕಪಟ್ಟಿಯಲ್ಲಿರುವವರಿಗೆಲ್ಲ ಕರೆ ಮಾಡುವ ಹಕ್ಕು ಕಂಪನಿಗೆ ಬಂತೆಂಬುದೂ ಸುಳ್ಳು, ಏಕೆಂದರೆ ಡಿಜಿಟಲ್ ಸಾಲದ ನಿಯಮಗಳು ಆ ಪಟ್ಟಿಯನ್ನು ಮುಟ್ಟುವುದನ್ನೇ ನಿಷೇಧಿಸಿವೆ, ಬಂಧುಮಿತ್ರರ ಮುಂದೆ ಸಾಲಗಾರರ ಮಾನ ಕಳೆಯುವುದನ್ನು ಮೇಲಿನ ಸುತ್ತೋಲೆ ಹೆಸರಿಸಿಯೇ ತಡೆದಿದೆ. ಅರ್ಜಿಯಲ್ಲಿ ಪರಿಚಯಸ್ಥರೆಂದು ಹೆಸರು ಕೊಟ್ಟವರು ಜಾಮೀನುದಾರರಲ್ಲ, ಅವರು ಒಂದು ರೂಪಾಯಿಯನ್ನೂ ಕಟ್ಟಬೇಕಾಗಿಲ್ಲ. ಸಹಿ ಹಾಕಿದ ಜಾಮೀನುದಾರರ ಹೊಣೆ ಮಾತ್ರ ಸಾಲಗಾರರಷ್ಟೇ ಭಾರವಾದದ್ದು. ಬೆದರಿಕೆಯ ಕರೆಯನ್ನು ರೆಕಾರ್ಡ್ ಮಾಡಿದರೆ ಅದು ಸಾಕ್ಷ್ಯವಾಗದು ಎಂಬ ಭಯ ಬೇಡ, ಧ್ವನಿಮುದ್ರಣವನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದು ಸುಪ್ರೀಂ ಕೋರ್ಟ್ 1972ರಷ್ಟು ಹಿಂದೆಯೇ ಒಪ್ಪಿದೆ. ಮೂಲ ಫೋನನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಬೇಕು. ಸಿಮ್ ಬದಲಿಸಿದರೆ ಕಾಟ ತಪ್ಪುತ್ತದೆ ಎಂಬುದು ಎಲ್ಲಕ್ಕಿಂತ ಹಾನಿಕರ, ಏಕೆಂದರೆ ಸಾಲಗಾರರ ಫೋನ್ ಸಿಗದಾದಾಗ ಕರೆಗಳು ನೆರೆಮನೆಯವರಿಗೂ ಕೆಲಸದ ಜಾಗಕ್ಕೂ ಹರಿಯುತ್ತವೆ. ಸರಿಯಾದ ದಾರಿ ಬೇರೆಯೇ: ಕರೆಯ ದಿನಾಂಕ, ವೇಳೆ, ಸಂಖ್ಯೆ ಬರೆದಿಟ್ಟು ಸಾಲ ಕೊಟ್ಟ ಸಂಸ್ಥೆಗೆ ಲಿಖಿತ ದೂರು ಕೊಡಬೇಕು, 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ಆಲಿಸುವ ಅಧಿಕಾರಿಗೆ, ಅದನ್ನು ಒಯ್ಯಬೇಕು, ಜೀವಬೆದರಿಕೆ ಅಥವಾ ಅಶ್ಲೀಲ ಮಾತು ಬಂದಿದ್ದರೆ ಅಷ್ಟು ದಿನ ಕಾಯದೆ ಪೊಲೀಸರಿಗೆ ದೂರು ಕೊಡಬೇಕು.

ಗದರುವ ದನಿಗೆ ಹೆದರುವ ಮನಸ್ಸೇ ಸಿಹಿಸುದ್ದಿಯನ್ನೂ ವಿಚಾರಿಸದೆ ನಂಬುತ್ತದೆ; ಎರಡೂ ಕಡೆ ಕೊರತೆಯಾಗಿರುವುದು ‘ಕಾಗದ ತೋರಿಸಿ’ ಎಂದು ಕೇಳುವ ಅಭ್ಯಾಸ. ವಸೂಲಿಯ ಹಿಂಸೆ ತಾಳದೆ ಊರು ತೊರೆದವರ, ಪ್ರಾಣ ಕಳೆದುಕೊಂಡವರ ಸುದ್ದಿಗಳ ನಡುವೆ, ಕಿರುಸಾಲ ವಸೂಲಿಯಲ್ಲಿ ಬಲಪ್ರಯೋಗ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು, ಅದಕ್ಕೆ 10 ವರ್ಷದವರೆಗಿನ ಸೆರೆ ಮತ್ತು 5 ಲಕ್ಷ ರೂಪಾಯಿವರೆಗಿನ ದಂಡ ಗೊತ್ತುಪಡಿಸಿದಾಗ, ‘ಸಂಘದ ಸಾಲವೆಲ್ಲ ಮನ್ನಾ’ ಎಂಬ ಮಾತೂ ಹಬ್ಬಿತು. ಆ ಕಾನೂನು ತೀರಿಹೋಯಿತೆಂದು ಭಾವಿಸುವುದು ನೋಂದಣಿಯೂ ಪರವಾನಗಿಯೂ ಇಲ್ಲದ ಲೇವಾದೇವಿಗಾರರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲವನ್ನು ಮಾತ್ರ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಯ ಸಾಲ ಹಾಗೆಯೇ ಉಳಿದಿದೆ, ಮನ್ನಾ ಆಯಿತೆಂದು ಕಂತು ನಿಲ್ಲಿಸಿದವರ ಬಾಕಿಗೆ ಬಡ್ಡಿ ಸೇರುತ್ತಲೇ ಇರುತ್ತದೆ ಮತ್ತು ಕ್ರೆಡಿಟ್ ಮಾಹಿತಿ ಸಂಸ್ಥೆಗಳ ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಸುಸ್ತಿಯೆಂದು ನಮೂದಾಗುತ್ತದೆ.