ಚಾಲಕನ ಪಾಲಿನ ವಿದ್ಯುತ್ತು

ಮೋಟಾರು ವಾಹನದೊಳಕ್ಕೆ ವಿದ್ಯುತ್ತು ಪ್ರವೇಶಿಸಿದುದು ಎಂಜಿನಿನ ಸೇವೆಗಾಗಿಯೇ ಹೊರತು ಅದನ್ನು ನಡೆಸುವವನ ಸೌಖ್ಯಕ್ಕಾಗಿ ಅಲ್ಲ. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಅಮೆರಿಕದ ಯಂತ್ರಜ್ಞನು ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರು ಕ್ಯಾಡಿಲಾಕ್ ಕಾರಿಗೆ ಸೇರಿ, ಒಮ್ಮೊಮ್ಮೆ ಹಿಮ್ಮುಖವಾಗಿ ಒದೆದು ತಿರುಗಿಸುವವನ ಮಣಿಕಟ್ಟನ್ನೇ ಮುರಿಯುತ್ತಿದ್ದ ಹ್ಯಾಂಡಲಿನ ಕಾಲವು ಮುಗಿಯುತ್ತ ಬಂದಂತೆ, ಬ್ಯಾಟರಿಯೂ ಅದನ್ನು ಪುನಃ ಪುನಃ ತುಂಬುವ ಡೈನಮೊವೂ ವಾಹನದ ಅವಿಭಾಜ್ಯ ಅಂಗಗಳಾದುವು. ಅಲ್ಲಿ ಉತ್ಪನ್ನವಾದುದೆಲ್ಲವೂ ಎಂಜಿನನ್ನು ಎಬ್ಬಿಸುವುದಕ್ಕೆ, ದಾರಿಗೆ ಬೆಳಕು ಚೆಲ್ಲುವುದಕ್ಕೆ, ಹಾರನ್ನು ಕೂಗಿಸುವುದಕ್ಕೆ ವಿನಿಯೋಗವಾಗುತ್ತಿತ್ತು. ದಿನವೆಲ್ಲ ಅದರ ಪಕ್ಕದಲ್ಲಿಯೇ ಕುಳಿತು ದುಡಿಯುವ ಮನುಷ್ಯನಿಗೆ ಅದರಲ್ಲಿ ಪಾಲಿರಲಿಲ್ಲ. ಆ ಪಾಲು ಅವನಿಗೆ ದೊರೆತ ಬಗೆಯೂ, ದೊರೆಯಲು ಹಿಡಿದ ಕಾಲವೂ ವಿಚಾರಮಾಡತಕ್ಕ ಸಂಗತಿಗಳು.

ಮೊದಲ ಅವಕಾಶವನ್ನು ಒದಗಿಸಿದುದು ಸಿಗರೇಟು. ಬೆಂಕಿಕಡ್ಡಿಯ ಹಂಗಿಲ್ಲದೆ ಸಿಗರೇಟು ಹೊತ್ತಿಸುವ ವಿದ್ಯುತ್ಸಾಧನ 1920ರ ದಶಕದಲ್ಲಿ ಡ್ಯಾಶ್‌ಬೋರ್ಡಿಗೆ ಬಂದು, 1950ರ ದಶಕದಲ್ಲಿ ಕನೆಕ್ಟಿಕಟ್ ರಾಜ್ಯದ ಕ್ಯಾಸ್ಕೊ ಕಂಪನಿಯವರ ಕೈಯಲ್ಲಿ ತಾನಾಗಿ ಹೊರಚಿಮ್ಮುವ ರೂಪವನ್ನು ಪಡೆಯಿತು. ಗುಂಡಿಯನ್ನು ಒಳಕ್ಕೆ ಒತ್ತಿದರೆ, ಅದರ ತುದಿಯ ಸುರುಳಿತಂತಿಯನ್ನು ಹೊತ್ತ ಬಟ್ಟಲು ಸಾಕೆಟ್ಟಿನ ತಳದಲ್ಲಿರುವ ದ್ವಿಲೋಹದ ಹಿಡಿಕೆಗಳ ನಡುವೆ ಸಿಕ್ಕಿಕೊಂಡು, ವಿದ್ಯುತ್ತು ಹರಿದು ತಂತಿ ಕೆಂಪಗೆ ಕಾಯುವುದು. ಆ ಕಾವಿಗೆ ಎರಡು ಲೋಹಗಳೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಹಿಡಿಕೆಗಳು ಬಾಗಿ ಸಡಿಲವಾಗುವುವು. ಒಡನೆಯೇ ಸ್ಪ್ರಿಂಗು ಗುಂಡಿಯನ್ನು ಹೊರಕ್ಕೆ ತಳ್ಳುವುದು. ನಡುವೆ ಧನ, ಸುತ್ತಲ ಕವಚದಲ್ಲಿ ಋಣ ಎಂಬ ವ್ಯವಸ್ಥೆಯುಳ್ಳ, ಹೆಬ್ಬೆರಳ ಗಾತ್ರದ ಈ ಕುಳಿಯಿಂದ ದೀಪವನ್ನೂ ಉರಿಸಬಹುದು, ಪುಟ್ಟ ಫ್ಯಾನನ್ನೂ ತಿರುಗಿಸಬಹುದು ಎಂಬುದನ್ನು ಜನ ಬೇಗನೆ ಕಂಡುಕೊಂಡರು. ಆದರೆ ಉದ್ದೇಶವೇ ಬೇರೆಯಾಗಿದ್ದುದರ ದೋಷ ಇಂದಿಗೂ ಹೋಗಿಲ್ಲ. ಮನೆಯ ಗೋಡೆಯ ಸಾಕೆಟ್ಟು ಪ್ಲಗ್ಗಿನ ಪಿನ್ನುಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಇಲ್ಲಿಯಾದರೋ ಪ್ಲಗ್ಗಿನ ಮೂತಿಯಲ್ಲಿರುವ ಸ್ಪ್ರಿಂಗು ಸದಾ ಅದನ್ನು ಹೊರಕ್ಕೇ ನೂಕುತ್ತಿದ್ದು, ಪಕ್ಕದ ಎರಡು ತಗಡಿನ ಪಟ್ಟಿಗಳ ಘರ್ಷಣೆಯೊಂದೇ ಅದನ್ನು ತಡೆಯಬೇಕು. ಹಳ್ಳದಿಣ್ಣೆಯ ರಸ್ತೆಯಲ್ಲಿ ನಾಲ್ಕು ಹರದಾರಿ ಹೋಗುವುದರೊಳಗಾಗಿ ಪ್ಲಗ್ಗು ಸಡಿಲಗೊಂಡು, ಫೋನಿನ ಚಾರ್ಜು ನಿಂತುಹೋಗುವುದಕ್ಕೆ ಕಾರಣ ಇದೇ.

ಇದಕ್ಕೆ ಸಮಾನಾಂತರವಾಗಿ ಮತ್ತೊಂದು ಧಾರೆ ಹರಿದುಬಂದಿತು. 1930ರಲ್ಲಿ ಶಿಕಾಗೋದ ಗಾಲ್ವಿನ್ ಸೋದರರ ಕಂಪನಿ ಮೋಟರೋಲಾ ಎಂಬ ಹೆಸರಿನಿಂದ ಕಾರಿನ ರೇಡಿಯೊವನ್ನು ಮಾರಾಟಕ್ಕೆ ತಂದಿತು. ಅಂದಿನ ರೇಡಿಯೊಗಳ ವಾಲ್ವುಗಳಿಗೆ ಸುಮಾರು 200 ವೋಲ್ಟುಗಳ ಒತ್ತಡ ಬೇಕು. ವಾಹನದ ಬ್ಯಾಟರಿಯಲ್ಲಿದ್ದುದು ಬರಿಯ 6 ವೋಲ್ಟು. ಒಂದೇ ಸಮನೆ ಹರಿಯುವ ಏಕಮುಖ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರು ಏರಿಸಲಾರದಾದುದರಿಂದ, ಸೆಕೆಂಡಿಗೆ ನೂರು ಬಾರಿಗೂ ಮಿಗಿಲಾಗಿ ಕಂಪಿಸುವ ಉಕ್ಕಿನ ನಾಲಗೆಯೊಂದು ಆ ಪ್ರವಾಹವನ್ನು ಕತ್ತರಿಸಿ, ಕತ್ತರಿಸಿ ಕೊಡಬೇಕಾಗಿತ್ತು. ಇಂದಿನ ಇನ್ವರ್ಟರು ಮಾಡುವ ಕೆಲಸದ ತಿರುಳು ಇದೇ. ನಾಲಗೆಯ ಸ್ಥಾನವನ್ನು ಟ್ರಾನ್ಸಿಸ್ಟರು ಆಕ್ರಮಿಸಿತು, ಗುಂಯ್ಗುಡುವ ಸದ್ದಡಗಿತು, ತತ್ತ್ವ ಮಾತ್ರ ಬದಲಾಗಲಿಲ್ಲ.

ಲಾರಿಯ ಮಾತು ಬಂದಾಗ ಈ ಕಥೆ ಗಂಭೀರವಾಗುತ್ತದೆ. ಕಾರಿನವನು ಸಂಜೆಗೆ ಮನೆ ಸೇರುತ್ತಾನೆ; ಲಾರಿಯ ಚಾಲಕನಿಗೆ ವಾರಗಟ್ಟಲೆ ಕ್ಯಾಬಿನ್ನೇ ಮನೆ. 1973ರ ತೈಲಸಂಕಟದ ತರುವಾಯ ಅಮೆರಿಕದಲ್ಲಿ ಡೀಸೆಲ್ಲು ದುರ್ಲಭವಾಗಿ, ಗಂಟೆಗೆ 55 ಮೈಲಿಯ ವೇಗಮಿತಿ ಜಾರಿಗೆ ಬಂದಾಗ, ಎಲ್ಲಿ ಎಣ್ಣೆ ಸಿಗುತ್ತದೆ, ಎಲ್ಲಿ ಪೊಲೀಸರು ನಿಂತಿದ್ದಾರೆ ಎಂಬುದನ್ನು ಚಾಲಕರು ಒಬ್ಬರಿಗೊಬ್ಬರು ತಿಳಿಸಿದುದು ಡ್ಯಾಶ್‌ಬೋರ್ಡಿನ ವಿದ್ಯುತ್ತಿನಿಂದ ನಡೆಯುವ, ಕೇವಲ 4 ವಾಟುಗಳ, ಸಿಬಿ ಎಂಬ ದ್ವಿಮುಖ ರೇಡಿಯೊಗಳ ಮೂಲಕ. ಸ್ವಂತ ದುಡ್ಡಿನಿಂದ ತಂದು ಕೂಡಿಸಿದ ಉಪಕರಣವೊಂದು ಒಂಟಿಯಾಗಿ ದುಡಿಯುವವರನ್ನು ಒಂದು ಸಮುದಾಯವನ್ನಾಗಿ ಬೆಸೆದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರುವುದಿಲ್ಲ.

ನಮ್ಮ ದೇಶದ ಭಾರಿ ಲಾರಿಗಳಲ್ಲಿ ಇನ್ನೊಂದು ತೊಡಕುಂಟು. ಅಮೆರಿಕದ ಲಾರಿಗಳು 12 ವೋಲ್ಟಿನವಾದರೆ, ಯುರೋಪಿನವುಗಳಂತೆಯೇ ನಮ್ಮವೂ ಬಹುತೇಕ 24 ವೋಲ್ಟಿನವು. ಒತ್ತಡ ಇಮ್ಮಡಿಯಾದರೆ ಅಷ್ಟೇ ಕೆಲಸಕ್ಕೆ ಪ್ರವಾಹ ಅರ್ಧ ಸಾಕಾಗುವುದರಿಂದ ದೊಡ್ಡ ಎಂಜಿನನ್ನು ತಿರುಗಿಸುವುದಕ್ಕೆ ಅದು ಅನುಕೂಲವೇ. ಆದರೆ ಅಂಗಡಿಯಲ್ಲಿ ದೊರೆಯುತ್ತಿದ್ದ ಟೇಪ್ ರೆಕಾರ್ಡರುಗಳೆಲ್ಲ ಕಾರಿಗೆಂದು ಮಾಡಿದ 12 ವೋಲ್ಟಿನವು. ಲಾರಿಯಲ್ಲಿರುವುದಾದರೂ ಸಾಲಾಗಿ ಜೋಡಿಸಿದ 12 ವೋಲ್ಟಿನ ಎರಡು ಬ್ಯಾಟರಿಗಳೇ ತಾನೆ ಎಂದು, ಅವೆರಡರ ನಡುವಣ ಕೊಂಡಿಯಿಂದ ಒಂದು ತಂತಿಯೆಳೆದು ಹಾಡು ಕೇಳುವ ಉಪಾಯ ಅನೇಕರಿಗೆ ಹೊಳೆಯಿತು. ಕೆಲದಿನ ಎಲ್ಲವೂ ಸುಗಮ. ಒಂದೇ ನೊಗಕ್ಕೆ ಕಟ್ಟಿದ ಎರಡೆತ್ತುಗಳಲ್ಲಿ ಒಂದರಿಂದ ರಾತ್ರಿಯೂ ಗೇಯ್ಮೆ ಮಾಡಿಸಿ, ಬೆಳಗ್ಗೆ ಎರಡಕ್ಕೂ ಒಂದೇ ಅಳತೆಯ ಮೇವು ಹಾಕಿದಂತೆ, ಇಲ್ಲಿ ಒಂದು ಬ್ಯಾಟರಿ ಹೆಚ್ಚು ಬರಿದಾದರೂ ಆಲ್ಟರ್ನೇಟರು ಎರಡರೊಳಗೂ ಸಮಪ್ರವಾಹವನ್ನೇ ಹರಿಸುತ್ತದೆ. ಒಟ್ಟು 28 ವೋಲ್ಟು ಮುಟ್ಟಿದೊಡನೆ ಅದಕ್ಕೆ ತೃಪ್ತಿ. ಆದರೆ ಬರಿದಾದ ಬ್ಯಾಟರಿ 13ರಲ್ಲಿ ನಿಂತು, ತುಂಬಿದ್ದು 15ಕ್ಕೇರಿ ಅದರ ನೀರು ಅನಿಲಗಳಾಗಿ ಒಡೆದುಹೋಗತೊಡಗುತ್ತದೆ. ಒಂದು ಹಸಿವಿನಿಂದಲೂ ಇನ್ನೊಂದು ಅಜೀರ್ಣದಿಂದಲೂ, ಎರಡೂ ಅಕಾಲದಲ್ಲಿ ಕೆಡುತ್ತವೆ. ಇದಕ್ಕೆ ಸರಿಯಾದ ಪರಿಹಾರ, ಎರಡೂ ಬ್ಯಾಟರಿಗಳಿಂದ ಸಮನಾಗಿ ಎಳೆದು 24ನ್ನು 12ಕ್ಕೆ ಇಳಿಸಿಕೊಡುವ ಕನ್ವರ್ಟರು.

ಮನೆಯ ಉಪಕರಣಗಳನ್ನೇ ನಡೆಸುವ 230 ವೋಲ್ಟಿನ ಇನ್ವರ್ಟರು ಅಗ್ಗವಾದಾಗ ಆಸೆ ಬೆಳೆಯಿತು, ಅಪಾಯವೂ ಬೆಳೆಯಿತು. 12 ವೋಲ್ಟಿನಲ್ಲಿ 300 ವಾಟು ಬೇಕೆಂದರೆ 25 ಆಂಪಿಯರಿಗಿಂತ ಹೆಚ್ಚು ಹರಿಯಬೇಕು. ಲೈಟರಿನ ಸಾಕೆಟ್ಟಿನ ಫ್ಯೂಸಾದರೋ ಸಾಮಾನ್ಯವಾಗಿ 10ರಿಂದ 20 ಆಂಪಿಯರಿನದು. ಫ್ಯೂಸು ಹೋಯಿತೆಂದು ಅದರ ಜಾಗದಲ್ಲಿ ತಾಮ್ರದ ಎಳೆ ಸುತ್ತಿಬಿಟ್ಟರೆ, ಕಾಯುವ ಸರದಿ ಡ್ಯಾಶ್‌ಬೋರ್ಡಿನ ಹಿಂದಿನ ಸಣ್ಣ ತಂತಿಯದಾಗುತ್ತದೆ, ಅದರಾಚೆಗೆ ಮಲಗಿದವನದು.

ಎಂಜಿನು ನಿಂತಾಗ ಈ ವಿದ್ಯುತ್ತು ಎಲ್ಲಿಂದ ಬರಬೇಕು ಎಂಬುದು ಅತ್ಯಂತ ಕಠಿನವಾದ ಪ್ರಶ್ನೆ. ಅಮೆರಿಕದಲ್ಲಿ ಬಹುಕಾಲದ ಉತ್ತರವೆಂದರೆ ರಾತ್ರಿಯಿಡೀ ಎಂಜಿನನ್ನು ಓಡಿಸುತ್ತಿರುವುದು. ಅದಕ್ಕೆ ಗಂಟೆಗೆ ಸುಮಾರು 3 ಲೀಟರ್ ಡೀಸೆಲ್ಲು ವ್ಯರ್ಥ. 2008ರಿಂದ ಕ್ಯಾಲಿಫೋರ್ನಿಯ ರಾಜ್ಯವು ಮಲಗುವ ಕ್ಯಾಬಿನ್ನುಳ್ಳ ಲಾರಿಗಳಿಗೂ 5 ನಿಮಿಷದ ಮಿತಿ ಹಾಕಿದ ಮೇಲೆ, ಪ್ರತ್ಯೇಕವಾದ ಪುಟ್ಟ ಜನರೇಟರು, ಹೆಚ್ಚುವರಿ ಬ್ಯಾಟರಿ, ತಂಗುದಾಣದ ಕಂಬದಿಂದ ನೇರವಾಗಿ ಎಳೆದುಕೊಳ್ಳುವ ವಿದ್ಯುತ್ತು ಇವೆಲ್ಲ ವೇಗವಾಗಿ ಹರಡಿದುವು. ನಿದ್ರೆಯಲ್ಲಿ ಉಸಿರುಕಟ್ಟುವ ಬಾಧೆಯುಳ್ಳ ಚಾಲಕನಿಗೆ ರಾತ್ರಿಯೆಲ್ಲ ಗಾಳಿಯೊತ್ತುವ ಯಂತ್ರ ನಡೆಯಲೇಬೇಕು. ಮಧುಮೇಹವುಳ್ಳವನ ಇನ್ಸುಲಿನ್ನು ತಂಪಾಗಿರಲೇಬೇಕು. ಇವನ್ನು ಭೋಗವೆಂದು ಯಾರು ಹೇಳಿಯಾರು?

ನಮ್ಮಲ್ಲಿ ಕಂಪನಿಯವರು ಚಾಸಿಯನ್ನಷ್ಟೇ ಮಾರಿ, ಮರಹಲಗೆಯ ಕ್ಯಾಬಿನ್ನನ್ನು ಊರಿನ ಬಾಡಿ ಕಟ್ಟುವವರು ಕೂಡಿಸುತ್ತಿದ್ದ ಕಾಲವು ದೀರ್ಘವಾಗಿತ್ತು. ಎಂಜಿನಿಗೆ ಬೇಕಾದ ತಂತಿಯೆಲ್ಲ ಕಾರ್ಖಾನೆಯಲ್ಲಿಯೇ ನಿಗದಿಯಾಗುತ್ತಿತ್ತು. ಚಾಲಕನ ಫ್ಯಾನು, ದೀಪ, ಟೇಪು ಇವುಗಳ ತಂತಿ ಎಲೆಕ್ಟ್ರಿಷಿಯನ್ನನ ಊಹೆಗೆ ಬಿಟ್ಟದ್ದು. 1998ರಲ್ಲಿ ಹೊಸಕೋಟೆಯಲ್ಲಿ ವೋಲ್ವೊ ಲಾರಿಗಳ ತಯಾರಿಕೆ ಆರಂಭವಾದಾಗ, ಕಾರ್ಖಾನೆಯಲ್ಲಿಯೇ ಪೂರ್ಣವಾಗಿ ಸಜ್ಜಾದ ಕ್ಯಾಬಿನ್ನು ಹೇಗಿರಬಹುದೆಂಬುದನ್ನು ನಮ್ಮ ಹೆದ್ದಾರಿಗಳು ಸಮೀಪದಿಂದ ಕಂಡುವು. 2025ರಲ್ಲಿ ಹೊಸ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾದುದು ಆ ದಾರಿಯಲ್ಲಿ ದೊಡ್ಡ ಹೆಜ್ಜೆ. ಆದರೆ ಎಂಜಿನಿನ ಬಲದಿಂದ ನಡೆಯುವ ಆ ತಂಪು ಎಂಜಿನು ನಿಂತೊಡನೆ ನಿಲ್ಲುವುದೆಂಬುದನ್ನು ಮರೆಯಲಾಗದು.

ಇಷ್ಟರಲ್ಲಿ ಮೊಬೈಲು ಚಾಲಕನ ಕಸುಬಿನ ಸಾಧನವೇ ಆಗಿಬಿಟ್ಟಿತು. ಇ-ವೇ ಬಿಲ್ಲು, ಬಾಡಿಗೆಯ ಲೋಡು, ದಾರಿಯ ನಕ್ಷೆ, ಡೀಸೆಲ್ಲಿನ ಹಣ, ಮಗಳ ಮುಖ, ಎಲ್ಲವೂ ಅದರೊಳಗೇ. 1996ರಲ್ಲಿ ಕಂಪ್ಯೂಟರುಗಳಿಗಾಗಿ ಹುಟ್ಟಿದ ಯುಎಸ್‌ಬಿ ಎಂಬ 5 ವೋಲ್ಟಿನ ವ್ಯವಸ್ಥೆ ಇಲ್ಲಿ ಅನಿರೀಕ್ಷಿತವಾಗಿ ನೆರವಿಗೆ ಬಂದಿತು. ಲೈಟರಿನ ಕುಳಿಗೆ ತೂರಿಸುವ ಬೆರಳುದ್ದದ ಒಳ್ಳೆಯ ಚಾರ್ಜರಿಗೆ 12 ಇರಲಿ, 24 ಇರಲಿ, ಎರಡೂ ಸಮ್ಮತ. ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಕೂಡಿಸಿ, ಬೇಕಾದಷ್ಟನ್ನೇ ಅದು ಕೊಡುತ್ತದೆ.

ಹಳೆಯ ಲಾರಿಗಳು ಇನ್ನೂ ಎಷ್ಟೋ ವರ್ಷ ಓಡಲಿವೆ. ಅವುಗಳಲ್ಲಿ ಆಗಬೇಕಾದುದು ಬಹಳವೇನೂ ಇಲ್ಲ: ಬ್ಯಾಟರಿಯ ಬಳಿಯಲ್ಲಿಯೇ ಫ್ಯೂಸನ್ನಿಟ್ಟು ಎಳೆದ ದಪ್ಪ ತಂತಿ, ಒಂದು ಕನ್ವರ್ಟರು, ಬೆಳಗ್ಗೆ ಎಂಜಿನು ಏಳುವಷ್ಟು ಚಾರ್ಜನ್ನು ಕಾದಿಟ್ಟು ಸರಬರಾಜನ್ನು ತಾನಾಗಿ ಕಡಿಯುವ ಒಂದು ಸಾಧನ, ಮಲಗುವ ಸೀಟಿನ ತಲೆದೆಸೆಯಲ್ಲಿ ಭದ್ರವಾದ ಒಂದು ಸಾಕೆಟ್ಟು. ಇಷ್ಟಕ್ಕೆ ತಗಲುವ ವೆಚ್ಚವು ಲಾರಿಯ ಒಂದು ಹೊಸ ಟಯರಿನ ಬೆಲೆಯನ್ನು ಮುಟ್ಟಲಾರದು. ಎಫ್‌ಸಿಗೆಂದು, ಎಂದರೆ ಯೋಗ್ಯತಾಪತ್ರಕ್ಕೆಂದು, ಲಾರಿಯನ್ನು ಗ್ಯಾರೇಜಿಗೆ ಬಿಟ್ಟಾಗಲೇ ಮಾಲೀಕರು ಇದನ್ನೂ ಮಾಡಿಸಿಬಿಡಬಹುದು.