ಪದಗಳು ಬೇರೆ, ವಾಕ್ಯ ಒಂದೆ

ಹುಮನಾಬಾದಿನ ಸಂತೆಯಲ್ಲಿ ಕೊಂಚ ಹೊತ್ತು ನಿಂತು ಕಿವಿಗೊಟ್ಟರೆ ಸಾಕು. ಅಂಗಡಿಕಾರನು ಒಬ್ಬ ಗಿರಾಕಿಗೆ ಕನ್ನಡದಲ್ಲಿ ಬೆಲೆ ಹೇಳಿ, ಇನ್ನೊಬ್ಬನಿಗೆ ಮರಾಠಿಯಲ್ಲಿ ಉತ್ತರವಿತ್ತು, ಮೂರನೆಯವನನ್ನು ಉರ್ದುವಿನಲ್ಲಿ ಕರೆಯುತ್ತಾನೆ. ನಿನ್ನ ಮನೆಮಾತು ಯಾವುದೆಂದು ಕೇಳಿದರೆ ಅವನು ಒಂದೇ ಹೆಸರನ್ನು ಹೇಳಿಯಾನು. ಆದರೆ ಅವನ ಊರಿನ ಮಾತು ಯಾವುದು?

ಈ ಪ್ರಶ್ನೆ ಇಂದಿನದಲ್ಲ. ಕಲ್ಯಾಣವು 11ನೆಯ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯಾದಾಗ ಅಲ್ಲಿನ ಪಂಡಿತರ ಭಾಷೆ ಸಂಸ್ಕೃತ. ಮರುಶತಮಾನದಲ್ಲಿ ಅದೇ ನಗರದಲ್ಲಿ ಶರಣರ ವಚನಗಳು ಕನ್ನಡದಲ್ಲಿ ಮೂಡಿದುವು. ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಜನಿಸಿ, ಹುಮನಾಬಾದಿನ ಬಳಿ ಮಾಣಿಕನಗರದಲ್ಲಿ ನೆಲಸಿದ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದಿಗಳಲ್ಲಿ ಹಾಡು ಕಟ್ಟಿದರು. ನಿಜಾಮರ ಕಚೇರಿಯಲ್ಲಾದರೋ ಉರ್ದು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಸರಕಾರವು ಒಂದೊಂದು ಪ್ರದೇಶಕ್ಕೂ ಒಂದೊಂದೇ ಭಾಷೆಯನ್ನು ಗೊತ್ತುಮಾಡಬೇಕಾಯಿತು. ಹಳೆಯ ಬೀದರ ಜಿಲ್ಲೆಯ ಅಹಮದಪುರ, ನಿಲಂಗಾ, ಉದಗೀರಗಳು ಮುಂಬಯಿ ರಾಜ್ಯಕ್ಕೆ ಸೇರಿದುವು; ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ ಆಂಧ್ರಕ್ಕೆ; ಹುಮನಾಬಾದು, ಬಸವಕಲ್ಯಾಣಗಳು ಮೈಸೂರಿಗೆ. ತಾಲ್ಲೂಕನ್ನು ಹಂಚಬಹುದು, ಒಂದೇ ಬೀದಿಯ ಎರಡು ಪಡಸಾಲೆಗಳನ್ನು ಹಂಚುವುದೆಂತು? ಗೆರೆಯ ಎರಡು ಕಡೆಗಳಲ್ಲಿಯೂ ಮನೆಯಲ್ಲೊಂದು, ಕಚೇರಿಯ ಕಾಗದದಲ್ಲೊಂದು ಭಾಷೆಯುಳ್ಳ ಮನೆಗಳು ಉಳಿದುವು.

ಹೀಗೆ ನುಡಿಗಳು ಶತಮಾನಗಳ ಕಾಲ ಒಂದೇ ಊರಿನಲ್ಲಿ ಬಾಳಿದರೆ ಏನಾಗುತ್ತದೆ? ಇದೇ ಕನ್ನಡ–ಮರಾಠಿ ಗಡಿಯನ್ನು ಹಿಡಿದು ಪಶ್ಚಿಮಕ್ಕೆ ಸಾಗಿದರೆ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ ಕುಪವಾಡವೆಂಬ ಊರು ಸಿಗುತ್ತದೆ. ಅಲ್ಲಿನ ಮಾತನ್ನು ಪರೀಕ್ಷಿಸಿದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಕಟಿಸಿದ ಲೇಖನವು ಭಾಷಾವಿಜ್ಞಾನದಲ್ಲಿ ಪ್ರಸಿದ್ಧವಾಗಿದೆ. ಅಲ್ಲಿ ಜೈನರದೂ ಲಿಂಗಾಯತರದೂ ಕನ್ನಡ, ಮುಸಲ್ಮಾನರದು ಉರ್ದು, ಉಳಿದ ಹಲವರದು ಮರಾಠಿ.

ಅವರು ಕಂಡದ್ದು ನಿಜಕ್ಕೂ ಸೋಜಿಗ. ಪದಗಳು ಬಹುಮಟ್ಟಿಗೆ ಬೇರೆಬೇರೆಯಾಗಿಯೇ ಉಳಿದಿದ್ದುವು. ವ್ಯಾಕರಣ ಮಾತ್ರ ಒಂದಾಗುತ್ತ ಬಂದಿತ್ತು. ನಾವು ಪುಸ್ತಕದಲ್ಲಿ 'ಇದು ನಿಮ್ಮ ಮನೆ' ಎಂದು ಬರೆಯುತ್ತೇವೆ, ಕ್ರಿಯಾಪದ ಬೇಕಿಲ್ಲ. ಕುಪವಾಡದ ಕನ್ನಡಿಗನು, ಮರಾಠಿ ಉರ್ದುಗಳಲ್ಲಿರುವಂತೆ, ಕೊನೆಗೆ 'ಐತಿ' ಎಂಬುದನ್ನೂ ಸೇರಿಸುತ್ತಾನೆ. ಉರ್ದುವಿನಲ್ಲಿ ನದಿ ಸ್ತ್ರೀಲಿಂಗ. 'ನದೀ ಆಯೀ' ಎನ್ನಬೇಕು. ಕುಪವಾಡದ ಉರ್ದುವಿನಲ್ಲಿ ಅದು 'ನದೀ ಆಯಾ'. ನಮ್ಮ ಕನ್ನಡದಲ್ಲಿ ಮನುಷ್ಯರಲ್ಲದುದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲವಷ್ಟೆ. ಆ ಕಟ್ಟಳೆಯೇ ಅಲ್ಲಿಯೂ ಹೊಕ್ಕಿದೆ. ಕೊಡು–ಕೊಳ್ಳು ಎರಡೂ ಕಡೆಯಿಂದ ನಡೆದಿದೆ ಎಂಬುದನ್ನು ವಾಚಕರು ಗಮನಿಸಬೇಕು. ಹೀಗಾಗಿ ಒಂದು ವಾಕ್ಯವನ್ನು ಪದಕ್ಕೆ ಪದವಿಟ್ಟು ಇನ್ನೊಂದು ನುಡಿಗೆ ಪರಿವರ್ತಿಸಬಹುದು.

ಹಾಗಾದರೆ ಪದಗಳೂ ಏಕೆ ಒಂದಾಗಲಿಲ್ಲ? ಹೊಲದಲ್ಲಿ, ಸಂತೆಯಲ್ಲಿ ಎಲ್ಲರೂ ಕೂಡಿದರೂ ಮದುವೆ, ಊಟಗಳು ಅವರವರ ಕುಲದೊಳಗೇ ನಡೆಯುತ್ತಿದ್ದುವು. ಮನೆಯ ಪದಗಳು ಕುಲದ ಗುರುತು. ಅವನ್ನು ಬಿಟ್ಟುಕೊಡಲು ಯಾರೂ ಒಪ್ಪಲಿಲ್ಲ. ವಾಕ್ಯದ ಕಟ್ಟಡ ಯಾರ ಕಣ್ಣಿಗೂ ಬೀಳದು; ಅದು ಸದ್ದಿಲ್ಲದೆ ಬದಲಾಯಿತು.

ಕುಪವಾಡವು ಇಂದು ಹಳ್ಳಿಯಲ್ಲ; 1998ರಲ್ಲಿ ರಚಿತವಾದ ಸಾಂಗಲಿ–ಮಿರಜ–ಕುಪವಾಡ ಮಹಾನಗರಪಾಲಿಕೆಯ ಒಂದು ಭಾಗ. ಬಸವಕಲ್ಯಾಣದ ಸುತ್ತ ಹಳ್ಳಿಗಳಿನ್ನೂ ಹಳ್ಳಿಗಳಾಗಿಯೇ ಇವೆ. ಅಲ್ಲಿನ ವಿದ್ಯಾರ್ಥಿಗಳು ಒಂದು ನೋಟುಪುಸ್ತಕ ಹಿಡಿದು, ಅಜ್ಜಿಯ ಕನ್ನಡದ ಒಂದು ವಾಕ್ಯವನ್ನೂ ನೆರೆಮನೆಯ ಮರಾಠಿಯ ಅದೇ ವಾಕ್ಯವನ್ನೂ ಒಂದರ ಕೆಳಗೊಂದು ಬರೆದು ನೋಡಲಿ.