ಮ್ಯಾಕ್ಸಿ ಗಿಡ್ಡವಾಗುವುದೇಕೆ?

ಹೆಗಲಿನಿಂದ ಕಾಲಿನ ಹರಡಿನವರೆಗೆ ಇಳಿಯಬೇಕಾದ ಉಡುಪಿಗೆ ಮ್ಯಾಕ್ಸಿ ಎಂದು ಹೆಸರು. ಎತ್ತರದ ಹುಡುಗಿಯೊಬ್ಬಳು ಅಂಗಡಿಯಲ್ಲಿ ತೊಟ್ಟು ನೋಡಿದರೆ ಅದು ಮೀನಖಂಡದ ಬಳಿಯೇ ನಿಂತುಬಿಡುತ್ತದೆ. ಇನ್ನೊಂದು ಅಳತೆ ದೊಡ್ಡದನ್ನು ಕೇಳಿದರೆ ಮೈ ಸಡಿಲವಾಗುವುದೇ ಹೊರತು ಉದ್ದ ಹೆಚ್ಚುವುದು ಅಲ್ಪ. ನಾಲ್ಕು ಅಂಗಡಿ ಸುತ್ತಿದ ಮೇಲೆ, ತನ್ನ ಮೈಕಟ್ಟಿನಲ್ಲಿಯೇ ಏನೋ ಕೊರತೆಯಿರಬೇಕೆಂದು ಅವಳು ಕುಗ್ಗುತ್ತಾಳೆ. ಕೊರತೆಯಿರುವುದು ಮೈಯಲ್ಲಲ್ಲ, ಚೀಟಿಯ ಮೇಲಿನ ಅಂಕೆಯಲ್ಲಿ.

ಮೇಜಿನ ಮೇಲಿರುವ ಬಿಂದುವಿನ ಸ್ಥಾನವನ್ನು ತಿಳಿಸಲು ಎರಡು ಅಂಕೆಗಳು ಬೇಕೆಂಬುದನ್ನು ನಾವೆಲ್ಲ ಬಲ್ಲೆವು. ಚೀಟಿಯಾದರೋ ಒಂದನ್ನೇ ಹೇಳುತ್ತದೆ. ಅದೂ ಸಾಮಾನ್ಯವಾಗಿ ಎದೆಯ ಸುತ್ತಳತೆಯನ್ನು ಅನುಸರಿಸಿದ್ದು. ಒಂದೇ ಸುತ್ತಳತೆಯ ಇಬ್ಬರಲ್ಲಿ ಒಬ್ಬಳ ಎತ್ತರ 155 ಸೆಂಟಿಮೀಟರ್, ಮತ್ತೊಬ್ಬಳದು 175 ಇರಬಹುದಷ್ಟೆ. ಅಮೆರಿಕದ ಕೃಷಿ ಇಲಾಖೆಯು 1939-40ರಲ್ಲಿ ಸುಮಾರು 15,000 ಮಹಿಳೆಯರ ಮೈಯಳತೆ ತೆಗೆಸಿತು. (ಉಡುಪಿಗೂ ಕೃಷಿಗೂ ಏನು ನಂಟೆಂದು ವಾಚಕರು ಕೇಳಬಹುದು, ಗೃಹವಿಜ್ಞಾನದ ಶಾಖೆ ಆಗ ಆ ಇಲಾಖೆಯಲ್ಲಿತ್ತು.) 1958ರಲ್ಲಿ ಅಲ್ಲಿ ಹೊರಟ ಉಡುಪಿನ ಮಾನಕದಲ್ಲಿ ಅಂಕೆಯೊಡನೆ ಎತ್ತರ, ಸಾಧಾರಣ, ಗಿಡ್ಡ ಎಂಬ ಗುರುತುಗಳೂ ಇದ್ದವು. 1983ರಲ್ಲಿ ಆ ಮಾನಕವನ್ನು ಹಿಂತೆಗೆದುಕೊಂಡರು. ತಯಾರಕರ ಕಷ್ಟವನ್ನೂ ನೋಡಬೇಕು: ಆರು ಅಳತೆಗಳಿಗೆ ಮೂರು ಉದ್ದಗಳನ್ನು ಸೇರಿಸಿದರೆ ಹದಿನೆಂಟು ಬಗೆಯ ಸರಕನ್ನು ಹೊಲಿದಿಡಬೇಕು.

ಬೇಕಾದ ಉದ್ದವೆಷ್ಟು? ಕತ್ತಿನ ಬುಡದಲ್ಲಿ ಹೆಗಲಿನಿಂದ ನೆಲದವರೆಗಿನ ದೂರ ಒಟ್ಟು ಎತ್ತರದ ನೂರಕ್ಕೆ ಸುಮಾರು 85 ಪಾಲು. 160 ಸೆಂಟಿಮೀಟರಿನವಳಿಗೆ ಇದು 136. 175ರವಳಿಗೆ ಸುಮಾರು 149. ಹದಿಮೂರು ಸೆಂಟಿಮೀಟರಿನ ಈ ಅಂತರವೇ ಮೀನಖಂಡವನ್ನು ತೋರಿಸುವುದು! ಇದಲ್ಲದೆ ಬಟ್ಟೆ ನೇರವಾಗಿ ಇಳಿಯದೆ ಎದೆ ಸೊಂಟಗಳ ಉಬ್ಬನ್ನು ಬಳಸಿ ಬರುವುದರಿಂದ ಇನ್ನೂ ಸ್ವಲ್ಪ ಉದ್ದ ವೆಚ್ಚವಾಗುತ್ತದೆ.

ಇನ್ನು ಒಗೆತದ ಕಥೆ. ಮಗ್ಗದಲ್ಲಿ ಹಾಸಿನ ನೂಲುಗಳನ್ನು ಬಿಗಿಯಾಗಿ ಎಳೆದಿರುತ್ತಾರೆ. ಉಡುಪಿನಲ್ಲಿ ಉದ್ದಕ್ಕೆ ಬರುವುದು ಸಾಮಾನ್ಯವಾಗಿ ಇವೇ. ನೀರು ತಾಗಿದೊಡನೆ ಆ ಬಿಗಿ ಸಡಿಲುತ್ತದೆ. ಅಷ್ಟೇ ಅಲ್ಲ, ಹತ್ತಿಯ ತಂತು ನೀರನ್ನು ಹೀರಿ ಅಡ್ಡಕ್ಕೆ ಊದಿಕೊಳ್ಳುತ್ತದೆ. ಊದಿದ ಹೊಕ್ಕಿನ ನೂಲನ್ನು ಬಳಸಿ ಹೋಗಲು ಹಾಸಿನ ನೂಲಿಗೆ ಹೆಚ್ಚು ಉದ್ದ ಬೇಕು. ಕಂಬ ದಪ್ಪವಾದಷ್ಟೂ ಸುತ್ತಿದ ಹಗ್ಗ ಬೇಗ ಮುಗಿಯುವುದಿಲ್ಲವೆ? ನೂಲು ಬೆಳೆಯದು, ಆದ್ದರಿಂದ ಬಟ್ಟೆಯೇ ಮೋಟಾಗುತ್ತದೆ. ನೂರಕ್ಕೆ ಮೂರರಂತೆ ಕುಗ್ಗಿದರೂ 140 ಸೆಂಟಿಮೀಟರಿನ ಉಡುಪು ನಾಲ್ಕು ಸೆಂಟಿಮೀಟರಿಗೂ ಮೀರಿ ಮೇಲೇರುತ್ತದೆ. ಬಟ್ಟೆಯನ್ನು ಮೊದಲೇ ಯಂತ್ರದಿಂದ ಒತ್ತಿ ಕುಗ್ಗಿಸಿಡುವ ವಿಧಾನಕ್ಕೆ ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ 1930ರಲ್ಲಿ ಪೇಟೆಂಟ್ ಪಡೆದನು. ಸ್ಯಾನ್‌ಫರೈಜ್ಡ್ ಎಂಬ ಮುದ್ರೆ ಅವನ ಹೆಸರಿನಿಂದಲೇ ಬಂದದ್ದು.

ಆದುದರಿಂದ ಅಂಗಡಿಗೆ ಹೋಗುವಾಗ ಚೀಟಿಯ ಅಂಕೆಗಿಂತ ಒಂದು ಅಳತೆಪಟ್ಟಿಯನ್ನು ನಂಬುವುದು ಲೇಸು. ಕೆಳಗಿನ ಅಂಚನ್ನು ತಿರುವಿ, ಒಳಗೆ ಮಡಿಸಿ ಹೊಲಿದ ಬಟ್ಟೆ ಎಷ್ಟಿದೆಯೆಂದು ನೋಡಿದರೆ, ಬಿಚ್ಚಿ ಇಳಿಸಿಕೊಳ್ಳಬಹುದಾದ ಉದ್ದವೂ ತಿಳಿಯುತ್ತದೆ. ಹೆಣೆದ ಬಟ್ಟೆಯ ನಡತೆ ಮಾತ್ರ ಬೇರೆ: ಅದರ ಕುಣಿಕೆಗಳು ತಮ್ಮ ಭಾರಕ್ಕೆ ತಾವೇ ಹಿಗ್ಗಿ ತೂಗುಹಾಕಿದಲ್ಲಿಯೇ ಕೆಳಕ್ಕೆ ಇಳಿಯುವುದುಂಟು. ಅಂತಹ ಉಡುಪಿನ ಅಂಚನ್ನು ಕತ್ತರಿಸುವ ಮೊದಲು ಒಂದು ರಾತ್ರಿ ಗೂಟಕ್ಕೆ ತೂಗುಹಾಕಿ, ಮತ್ತೆ ಅಳೆಯಬೇಕು.